ಗುಜರಿ ಗೋದಾಮಿನ ಹೊಗೆ: ಯಾವ ಮೀಟರ್ ತರಿಸೋಣ?

ಮನೆ 12, 3ನೇ ಕ್ರಾಸ್: ನಿನ್ನೆ ರಾತ್ರಿಯೂ ಗುಜರಿ ಗೋದಾಮಿನಲ್ಲಿ ವೈರ್ ಸುಟ್ಟಿದ್ದಾರೆ. ಕಿಟಕಿ ಮುಚ್ಚಿದರೂ ಅಮ್ಮನಿಗೆ ಕೆಮ್ಮು ನಿಲ್ಲಲಿಲ್ಲ. ಬೆಳಿಗ್ಗೆ ಕಾಂಪೌಂಡ್ ಮೇಲಿಂದ ಇಣುಕಿ ನೋಡಿದೆ. ಒಡೆದ ಟ್ಯೂಬ್‌ಲೈಟ್ ರಾಶಿ ಬಿದ್ದಿದೆ, ಪಕ್ಕದಲ್ಲಿ ಹಳೇ ಬಿಪಿ ಮಷೀನ್ ಎರಡು. ಅದರಲ್ಲಿ ಪಾದರಸ ಇರುತ್ತೆ ಅಲ್ವಾ?

ಮನೆ 31: ದಾವಣಗೆರೆಯಲ್ಲಿದ್ದು ಹೊಗೆಗೆ ಹೆದರಿದರೆ ಹೇಗೆ ರೀ? ಮಂಡಕ್ಕಿ ಭಟ್ಟಿ ಹೊಗೆ ಕುಡಿದೇ ಬೆಳೆದವರು ನಾವು.

ಮನೆ 12: ಅಣ್ಣಾ, ಭತ್ತದ ಹೊಟ್ಟಿನ ಹೊಗೆಯೂ ವೈರಿನ ಪ್ಲಾಸ್ಟಿಕ್ ಹೊಗೆಯೂ ಒಂದೇನಾ?

ಮನೆ 8: ದೂರು ಕೊಡಲು ಹೋದರೆ ‘ಅಳತೆ ಎಲ್ಲಿದೆ’ ಅನ್ನುತ್ತಾರೆ. ಆನ್‌ಲೈನ್‌ನಲ್ಲಿ ನಾಲ್ಕು ಗ್ಯಾಸ್ ಅಳೆಯುವ ಮೀಟರ್ ಇದೆ. ಎಲ್ಲರೂ ಸ್ವಲ್ಪ ಸ್ವಲ್ಪ ಹಾಕಿ ತರಿಸೋಣ?

ಮನೆ 19: ಸ್ವಲ್ಪ ತಡೀರಿ. ನಾನು ಕಾರ್ಖಾನೆಯ ಸೇಫ್ಟಿ ವಿಭಾಗದಲ್ಲಿ ಇದ್ದು ರಿಟೈರ್ ಆದವನು, ಆ ಮೀಟರ್ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದ್ದೇನೆ. ಅದು ನೋಡುವುದು ಆಮ್ಲಜನಕ, ಹೊತ್ತಿಕೊಳ್ಳುವ ಅನಿಲ, ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್, ಇಷ್ಟೇ. ಮ್ಯಾನ್‌ಹೋಲ್, ಟ್ಯಾಂಕ್ ಹತ್ತಿರ ಹೋಗುವವರ ಜೀವ ಉಳಿಸುತ್ತೆ, ಸರಿ. ಪಾದರಸದ ಆವಿ ಮಾತ್ರ ಅದಕ್ಕೆ ಗೊತ್ತೇ ಆಗುವುದಿಲ್ಲ. ನಾವು ದುಡ್ಡು ಹಾಕಿ ತಂದ ಮೀಟರ್ ಸೊನ್ನೆ ತೋರಿಸಿದರೆ, ಗೋದಾಮಿನವರು ಅದನ್ನೇ ಫೋಟೋ ಹೊಡೆದು ನಮಗೆ ತಿರುಗಿಸುತ್ತಾರೆ.

ಮನೆ 27: ವಾಸನೆ ಇಲ್ಲ ಅಂದರೆ ಪಾದರಸ ಇಲ್ಲ ಅಂತ ತಾನೇ ಸರ್?

ಮನೆ 19: ಇಲ್ಲ ಮೇಡಂ. ಪಾದರಸದ ಆವಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಕೂಡ 100 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 100 ಭಾಗ) ಹೊತ್ತಿಗೆ ಮೂಗನ್ನೇ ಮರಗಟ್ಟಿಸುತ್ತೆ. ಮೂಗನ್ನು ನಂಬಬೇಡಿ.

ಪಾದರಸಕ್ಕೆ ಬೇರೆಯೇ ಉಪಕರಣ ಬೇಕು. ಒಂದು ಬಗೆಯದು ಗಾಳಿ ಎಳೆದುಕೊಂಡು ಅದಕ್ಕೆ 253.7 ನ್ಯಾನೋಮೀಟರ್‌ನ ನೇರಳಾತೀತ ಬೆಳಕು ಹಾಯಿಸುತ್ತೆ. ಪಾದರಸ ಆ ಬೆಳಕನ್ನು ಹೀರುತ್ತೆ. ಎಷ್ಟು ಬೆಳಕು ಕಮ್ಮಿಯಾಯಿತೋ ಅದೇ ಲೆಕ್ಕ. ಇನ್ನೊಂದರಲ್ಲಿ ತೆಳುವಾದ ಚಿನ್ನದ ಪದರ ಇರುತ್ತೆ. ಪಾದರಸ ಚಿನ್ನವನ್ನು ಹೇಗೆ ಹಿಡಿದುಕೊಳ್ಳುತ್ತೆ ಅಂತ ಅಕ್ಕಸಾಲಿಗರನ್ನು ಕೇಳಿ! ಅಂಟಿದ ಹಾಗೆ ಪದರದ ವಿದ್ಯುತ್ ರೋಧ ಬದಲಾಗುತ್ತೆ. ಎರಡನ್ನೂ ಕೈಯಲ್ಲಿ ಹಿಡಿದು ಓಡಾಡಬಹುದು. ಬೆಲೆ ಲಕ್ಷಗಳಲ್ಲಿ, ಕೊಳ್ಳುವ ಮಾತು ಬಿಡಿ. ಉಪಕರಣ ಇರುವ ಪ್ರಯೋಗಾಲಯದವರನ್ನೇ ಕರೆಸಬೇಕು. ದಟ್ಟ ಹೊಗೆಯಲ್ಲಿ ಅಳತೆ ಅಡ್ಡಾದಿಡ್ಡಿ ಆಗಬಹುದು, ಹಾಗಾಗಿ ಬೆಂಕಿ ಇಲ್ಲದ ಹಗಲಲ್ಲೂ ಒಮ್ಮೆ ಅಳೆಸಬೇಕು. ಕ್ಯಾಲಿಬ್ರೇಶನ್, ಅಂದರೆ ಉಪಕರಣದ ಅಳತೆ ಸರಿ ಇದೆಯಾ ಅಂತ ತಾಳೆ ನೋಡುವುದು, ಯಾವಾಗ ಆಗಿದೆ ಅಂತ ಮೊದಲು ಕೇಳಿ.

ಮನೆ 8: ಎಷ್ಟು ಬಂದರೆ ಜಾಸ್ತಿ ಅನ್ನಬೇಕು?

ಮನೆ 19: ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಘನ ಮೀಟರ್ ಗಾಳಿಗೆ 1 ಮೈಕ್ರೋಗ್ರಾಂ. ಆದರೆ ಅದು ಇಡೀ ವರ್ಷದ ಸರಾಸರಿ. ಒಂದು ದಿನದ ಅಂಕಿ ಹಿಡಿದು ಕೂಗಾಡಿದರೆ ನಾವೇ ಸಿಕ್ಕಿಬೀಳುತ್ತೇವೆ. ಗೋದಾಮಿಗೆ ಗಾಳಿ ಬರುವ ಕಡೆ ಮೊದಲು, ಅಲ್ಲಿಂದ ಗಾಳಿ ಹೋಗುವ ಕಡೆ ಆಮೇಲೆ ಅಳೆಸಿ. ಎರಡರ ನಡುವಿನ ವ್ಯತ್ಯಾಸ ಮಾತಾಡುತ್ತೆ. ಅಲ್ಲಿಯವರೆಗೆ ಹೊಗೆ ಬಂದ ತಾರೀಖು, ಗಂಟೆ, ಗಾಳಿ ಯಾವ ಕಡೆಯಿಂದ ಅಂತ ಬರೆದಿಡಿ. ಖರ್ಚಿಲ್ಲ.

ಮನೆ 31: ಅಲ್ಲಿ ಟ್ಯೂಬ್ ಒಡೆಯೋ ಹುಡುಗರು ಬರಿಗೈಲಿ ಕೂತಿರುತ್ತಾರೆ ಪಾಪ. ಅವರ ಗತಿ?

ಮನೆ 19: ನಮಗಿಂತ ಮೊದಲು ಅವರಿಗೇ ತೊಂದರೆ. ಒಂದು ಟ್ಯೂಬ್‌ನಲ್ಲಿ ಕೆಲವೇ ಮಿಲಿಗ್ರಾಂ ಪಾದರಸ. ಬಿಪಿ ಮಷೀನ್ ಒಂದರಲ್ಲಿ 100 ಗ್ರಾಂ ಹತ್ತಿರ ಇರಬಹುದು. ನನಗೆ ಭಯ ಅದರದ್ದೇ.

ಮನೆ 27: ಮಕ್ಕಳು ಅಲ್ಲೇ ಕ್ರಿಕೆಟ್ ಆಡುತ್ತಾರೆ. ಹೊಳೆಯುವ ಗುಂಡು ಸಿಕ್ಕಿತು ಅಂತ ಪಾದರಸವನ್ನು ಮನೆಗೆ ತಂದರೆ?

ಮನೆ 19: ಪೊರಕೆ, ವ್ಯಾಕ್ಯೂಮ್ ಎರಡೂ ಬೇಡ, ಇನ್ನಷ್ಟು ಹರಡುತ್ತೆ. ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ತೆಗೆಯಿರಿ, ಬಳೆ ಉಂಗುರ ಬಿಚ್ಚಿಡಿ. ಕೈಗವಸು ಹಾಕಿ ರಟ್ಟಿನ ತುಂಡಿನಿಂದ ಕೂಡಿಸಿ, ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಳ ಹಾಕಿ. ಸಿಂಕಿಗೆ ಮಾತ್ರ ಸುರಿಯಬೇಡಿ.

ಮನೆ 12: ಭಾನುವಾರ ಬೆಳಿಗ್ಗೆ 10ಕ್ಕೆ ಪಾರ್ಕಿನಲ್ಲಿ ಸೇರೋಣ. ಮೊದಲು ಗೋದಾಮಿನವರ ಜೊತೆ ಮಾತು, ಆಮೇಲೆ ಅರ್ಜಿ.

ಮನೆ 31: ನಾನೂ ಬರುತ್ತೇನೆ. ಆ ಬಿಪಿ ಮಷೀನ್ ಈಗಲೂ ಅಲ್ಲೇ ಇದೆಯಾ?

ಮನೆ 12: ಈಗ ನೋಡಿ ಬಂದೆ. ಒಂದೇ ಇದೆ.