ಸಹಾಯ ಬೇಕು: ಹೆಡ್ ಟಾರ್ಚ್ ಚಾರ್ಜ್ ಆಗ್ತಿಲ್ಲ

ಎಲ್ಲರಿಗೂ ನಮಸ್ಕಾರ. ಚನ್ನಗಿರಿ ಹತ್ತಿರ ನಮ್ಮ ಅಡಿಕೆ ತೋಟ. ತ್ರೀಫೇಸ್ ಕರೆಂಟ್ ಬರೋದು ರಾತ್ರಿ ಹೊತ್ತು, ಹಾಗಾಗಿ ನೀರು ಬಿಡೋಕೆ ಹೆಡ್ ಟಾರ್ಚ್ ಬೇಕೇ ಬೇಕು. ಹಾವಿನ ಕಾಟ ಬೇರೆ.

ಮಳೆಗಾಲ ಪೂರ್ತಿ ಟಾರ್ಚ್ ಅಟ್ಟದ ಮೇಲೆ ಸುಮ್ನೆ ಬಿದ್ದಿತ್ತು, ತಪ್ಪು ನನ್ನದೇ. ಹೋದ ವಾರ ಇಳಿಸಿ ಚಾರ್ಜಿಗೆ ಹಾಕಿದರೆ ಕೆಂಪು ದೀಪ ಎರಡು ಸಲ ಮಿಣುಕಿ ಹಸಿರಾಗುತ್ತದೆ, ಫುಲ್ ಆಗಿದೆ ಅನ್ನೋ ಹಾಗೆ. ಸ್ವಿಚ್ ಒತ್ತಿದರೆ ಕತ್ತಲೆ. ಕೇಬಲ್ ಸರಿ ಇದೆ, ಅದರಲ್ಲೇ ಮೊಬೈಲ್ ಚಾರ್ಜ್ ಆಗುತ್ತದೆ. ಪಿನ್ ಹಾಕುವ ತೂತಿನಲ್ಲಿ ಕೆಮ್ಮಣ್ಣು ಕೂತಿತ್ತು, ಹಲ್ಲುಕಡ್ಡಿಯಲ್ಲಿ ಕೆದಕಿ ತೆಗೆದೆ. ಉಪಯೋಗ ಆಗಲಿಲ್ಲ.

ಒಳಗಿರೋದು 18650 ಅನ್ನೋ ಸೈಜಿನ ಲಿಥಿಯಂ ಸೆಲ್. ಮಲ್ಟಿಮೀಟರ್ ಹಿಡಿದರೆ 1.6 ವೋಲ್ಟ್! ಫುಲ್ ಇದ್ದಾಗ 4.2 ಇರಬೇಕು, 2.5ಕ್ಕಿಂತ ಕೆಳಗೆ ಇಳಿಯಲೇಬಾರದು. ಪಕ್ಕದ ಮನೆ ಹುಡುಗ, "ಒಳ್ಳೆ ಸೆಲ್ಲಿಂದ ವೈರ್ ಕಟ್ಟಿ ಇದಕ್ಕೆ ಕರೆಂಟ್ ಕೊಡಣ ಬಿಡಣ್ಣ, ಎದ್ದೇಳುತ್ತೆ" ಅಂತಾನೆ. ನನಗೆ ಧೈರ್ಯ ಇಲ್ಲ. ಅಷ್ಟು ಇಳಿದ ಸೆಲ್ ಒಳಗೇ ಶಾರ್ಟ್ ಆಗಿ ಬೆಂಕಿ ಹತ್ತಬಹುದು. ತಲೆಗೆ ಕಟ್ಟಿಕೊಳ್ಳೋ ವಸ್ತು ಅಲ್ವಾ?

ಹೊಸ ಸೆಲ್ ಹಾಕಿದರೆ ಸಾಕಾ, ಚಾರ್ಜಿಂಗ್ ಬೋರ್ಡೂ ಹೋಗಿರಬಹುದಾ? ಬೋರ್ಡ್ ಚೆಕ್ ಮಾಡೋದು ಹೇಗೆ? ದಾವಣಗೆರೆಯಲ್ಲಿ ಅಸಲಿ ಸೆಲ್ ಎಲ್ಲಿ ಸಿಗುತ್ತದೆ? 9900 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಲೆಕ್ಕ) ಅಂತ ಬರೆದಿರೋದು ಬೇಡ, ಈ ಸೈಜಿನಲ್ಲಿ ಅಷ್ಟು ಹಿಡಿಯೋದೇ ಇಲ್ಲ. ಹಳೆ ಸೆಲ್ಲಿನ ತುದಿಗೆ ಟೇಪ್ ಸುತ್ತಿ ಅಂಗಳದಲ್ಲಿ ಮಣ್ಣಿನ ಕುಡಿಕೆಯಲ್ಲಿ ಇಟ್ಟಿದ್ದೇನೆ. ಅದನ್ನು ಎಲ್ಲಿ ಕೊಡಬೇಕು ಅನ್ನೋದನ್ನೂ ಹೇಳಿ.