ಫ್ರೆಂಚಿನಲ್ಲಿ ‘ನಾಳೆ ನೋಡ್ತೇವೆ’ ಅನ್ನೋದು ಹೇಗೆ? ಫ್ಯೂತ್ಯೂರ್ ಪ್ರೋಷ್ ಬಗ್ಗೆ ಡೌಟು

ಗೋಕರ್ಣದ_ಅಂಗಳ:
ಎಲ್ಲರಿಗೂ ನಮಸ್ಕಾರ. ಗೋಕರ್ಣದಲ್ಲಿ ನಮ್ಮದೊಂದು ಸಣ್ಣ ಹೋಮ್‌ಸ್ಟೇ ಇದೆ. ಅಡುಗೆ ಅಮ್ಮನದು, ಬಂದವರಿಗೆ ಸುತ್ತಮುತ್ತಲಿನ ಊರು ತೋರಿಸುವವಳು ನಾನು. ಸೀಸನ್ನಿನಲ್ಲಿ ಫ್ರಾನ್ಸಿನವರೂ ಬರುತ್ತಾರೆ. ಅವರ ಜೊತೆ ಅವರ ಭಾಷೆಯಲ್ಲೇ ನಾಲ್ಕು ಮಾತಾಡಬೇಕು ಅಂತ ಆಸೆ.

ವರ್ತಮಾನ ಕಾಲ ಒಂದು ಹಂತಕ್ಕೆ ಕೈಗೆ ಬಂದಿದೆ: ಜ ವಿಜ಼ಿತ್, ನೂ ವಿಜ಼ಿತೋಂ, ಅಂದರೆ ನಾನು ನೋಡ್ತೇನೆ, ನಾವು ನೋಡ್ತೇವೆ, ಹೀಗೆ. ಈಗ ಫ್ಯೂತ್ಯೂರ್ ಪ್ರೋಷ್, ಅಂದರೆ ಹತ್ತಿರದ ಭವಿಷ್ಯತ್ ಕಾಲ, ಶುರು ಮಾಡಿದ್ದೇನೆ. ‘ನಾಳೆ ಬೆಳಿಗ್ಗೆ ಮಿರ್ಜಾನ ಕೋಟೆ ನೋಡ್ತೇವೆ’ ಅನ್ನಬೇಕು. ಇದರಲ್ಲಿ ಎರಡು ಕ್ರಿಯಾಪದ ಬರುತ್ತವೆ ಅಲ್ವಾ, ಎರಡನ್ನೂ ‘ನೂ’ಗೆ ತಕ್ಕ ಹಾಗೆ ಬದಲಿಸಬೇಕಾ? ನಡುವೆ ‘ಆ’ (ನಮ್ಮ ‘-ಗೆ’, ‘-ಕ್ಕೆ’ ಇದ್ದ ಹಾಗೆ) ಸೇರಿಸಬೇಕಾ? ಇನ್ನೊಂದು, ‘ಪ್ರೋಷ್’ ಅಂದರೆ ಹತ್ತಿರ. ಡಿಸೆಂಬರಿನ ವಿಷಯವನ್ನು ಜೂನಿನಲ್ಲಿ ಹೇಳುವಾಗಲೂ ಇದು ನಡೆಯುತ್ತದಾ?

ಕಾಳಿ_ದಂಡೆ:
ತಂಗೀ, ಬದಲಾಗುವುದು ಒಂದೇ ಕ್ರಿಯಾಪದ. ಅದು ‘ಆಲೇ’, ಅಂದರೆ ಹೋಗು. ಎರಡನೆಯದು ನಿಘಂಟಿನಲ್ಲಿ ಹೇಗಿದೆಯೋ ಹಾಗೇ ಇರುತ್ತದೆ. ನಿನ್ನ ವಾಕ್ಯ ಹೀಗೆ: ದ್ಮ್ಯಾಂ ಮಾತ್ಯಾಂ, ನೂಜ಼ಾಲೋಂ ವಿಜ಼ಿತೇ ಲ ಫೋರ್ ದ ಮಿರ್ಜಾನ್. ಚುಕ್ಕೆ ಇರುವ ಜ಼ ಬಂದಲ್ಲಿ ಇಂಗ್ಲಿಷಿನ ಝಡ್ ಸದ್ದು ಹಾಕಿ ಓದು. ನೂಜ಼ಾಲೋಂ ಅಂದರೆ ‘ನೂ’, ‘ಆಲೋಂ’ ಸೇರಿ ಆದದ್ದು, ಆಲೋಂ ಆಲೇಯದೇ ರೂಪ.

ನಾನು ಕಾರವಾರದವಳು, ಮಡಗಾಂವದಲ್ಲಿ ಮಕ್ಕಳಿಗೆ ಫ್ರೆಂಚ್ ಹೇಳಿಕೊಡುತ್ತೇನೆ. ಮಕ್ಕಳಿಗೆ ಮೊದಲು ಈ ಆರು ಸಾಲು ಬಾಯಿಪಾಠ ಮಾಡಿಸುತ್ತೇನೆ:

ಜ ವೇ ವಿಜ಼ಿತೇ – ನಾನು
ತ್ಯು ವಾ ವಿಜ಼ಿತೇ – ನೀನು
ಇಲ್ ವಾ ವಿಜ಼ಿತೇ, ಎಲ್ ವಾ ವಿಜ಼ಿತೇ – ಅವನು, ಅವಳು
ನೂಜ಼ಾಲೋಂ ವಿಜ಼ಿತೇ – ನಾವು
ವೂಜ಼ಾಲೇ ವಿಜ಼ಿತೇ – ನೀವು
ಇಲ್ ವೋಂ ವಿಜ಼ಿತೇ, ಎಲ್ ವೋಂ ವಿಜ಼ಿತೇ – ಅವರು

ಅತಿಥಿಗಳಿಗೆ ಯಾವಾಗಲೂ ‘ವೂ’ ಅನ್ನು, ಅದು ಮರ್ಯಾದೆ. ಅವರು ಮಾತಾಡುವಾಗ ‘ನಾವು’ ಅನ್ನಲು ‘ಓಂ ವಾ ವಿಜ಼ಿತೇ’ ಅನ್ನುವುದೇ ಜಾಸ್ತಿ. ಕಿವಿಗೆ ಬಿದ್ದರೆ ಗಾಬರಿ ಬೇಡ, ಅರ್ಥ ಒಂದೇ.

‘ಆ’ ಬೇಡ. ನಾವು ‘ನೋಡಲಿಕ್ಕೆ ಹೋಗ್ತೇವೆ’ ಅನ್ನುವವರು. ಆ ‘ಲಿಕ್ಕೆ’ ಬಾಯಿಗೆ ರೂಢಿ ಆಗಿದ್ದರಿಂದ ಫ್ರೆಂಚಿನಲ್ಲೂ ನಡುವೆ ಏನಾದರೂ ಹಾಕಬೇಕು ಅನ್ನಿಸುತ್ತದೆ. ಮುಂದೆ ಊರಿನ ಹೆಸರು ಬಂದರೆ ಆ: ನೂಜ಼ಾಲೋಂ ಆ ಕುಮ್ಟಾ. ಮುಂದೆ ಕ್ರಿಯಾಪದ ಬಂದರೆ ಏನೂ ಇಲ್ಲ.

ಬರೆಯುವಾಗ ಮಾತ್ರ ಜಾಗ್ರತೆ. ‘ವಿಜ಼ಿತೇ’ ಅನ್ನುವ ಸದ್ದಿಗೆ ಇ-ಆರ್, ಇ-ಝಡ್, ತಲೆಯ ಮೇಲೆ ಗೀಟು ಇರುವ ಇ (é) ಮೂರೂ ಸರಿಹೊಂದುತ್ತವೆ. ಕಿವಿ ನಂಬಿದರೆ ಆಗುವುದಿಲ್ಲ. ಆ ಜಾಗಕ್ಕೆ ‘ವಾಂದ್ರ’ ಹಾಕಿ ನೋಡು, ಅಂದರೆ ಮಾರು. ‘ವೂಜ಼ಾಲೇ ವಾಂದ್ರ’ ಸರಿ ಕೇಳುತ್ತದೆ, ‘ವೂಜ಼ಾಲೇ ವಾಂದೇ’ ಕೇಳುವುದಿಲ್ಲ. ಹಾಗಾಗಿ ವಿಜ಼ಿತೇಗೆ ಇಲ್ಲಿ ಇ-ಆರ್. ಫ್ರಾನ್ಸಿನ ಮಕ್ಕಳಿಗೂ ಶಾಲೆಯಲ್ಲಿ ಇದೇ ಉಪಾಯ ಹೇಳಿಕೊಡುತ್ತಾರೆ.

ಈಗ ನನಗೆ ತುಂಬಾ ಇಷ್ಟವಾದ ವಿಷಯ. ಈ ಕಾಲದಲ್ಲಿ ಯಾವ ಕ್ರಿಯಾಪದವೂ ಕಷ್ಟವಲ್ಲ. ‘ಫಿನೀರ್’ (ಮುಗಿಸು) ಗುಂಪು ಬರಲಿ, ‘ವಾಂದ್ರ’ ಗುಂಪು ಬರಲಿ, ಯಾವ ನಿಯಮಕ್ಕೂ ಸಿಗದ ‘ಫೇರ್’ (ಮಾಡು) ಬರಲಿ, ಎಲ್ಲದರ ಭಾರವನ್ನೂ ಆಲೇ ಹೊರುತ್ತದೆ. ಆರು ರೂಪ ಗೊತ್ತಿದ್ದರೆ ನಾಳೆಯ ಮಾತೆಲ್ಲ ಆಡಬಹುದು. ಹೋಮ್‌ಸ್ಟೇ ನಡೆಸುವವಳಿಗೆ ಇದಕ್ಕಿಂತ ಬೇಗ ಉಪಯೋಗಕ್ಕೆ ಬರುವ ಪಾಠ ಇಲ್ಲ ಅಂತ ನನ್ನ ನಂಬಿಕೆ.

‘ಪ್ರೋಷ್’ ಅನ್ನುವುದನ್ನು ಕ್ಯಾಲೆಂಡರ್ ಹಿಡಿದು ಅಳೆಯಬೇಡ. ಈಗಲೇ ನಿರ್ಧಾರ ಆಗಿದೆಯಾ, ಈಗಲೇ ಗುರುತು ಕಾಣುತ್ತದಾ, ಅದು ಮುಖ್ಯ. ನಮ್ಮಲ್ಲಿ ಕಡಲ ಮೇಲೆ ಮೋಡ ಕಪ್ಪಾದಾಗ ‘ಇಲ್ ವಾ ಪ್ಲೊವ್ವಾರ್’, ಮಳೆ ಬರುತ್ತದೆ. ಡಿಸೆಂಬರಿನ ಬುಕಿಂಗ್ ಖಾತ್ರಿಯಾಗಿದ್ದರೆ ಜೂನಿನಲ್ಲೂ ಧಾರಾಳವಾಗಿ ಬಳಸು.

ಶಿರಸಿ_ತೋಟ:
ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಇಮೇಲ್ ಬರೆಯುವಾಗ ಇನ್ನೊಂದು ಭವಿಷ್ಯವೂ ಬೇಕಾಗುತ್ತದೆ, ಫ್ಯೂತ್ಯೂರ್ ಸ್ಯಾಂಪ್ಲ್. ಅದರಲ್ಲಿ ಆಲೇ ಇಲ್ಲ, ಕ್ರಿಯಾಪದಕ್ಕೇ ಬಾಲ ಬರುತ್ತದೆ: ನೂ ವಿಜ಼ಿತ್ರೋಂ. ‘ನೀವು ಬಂದಾಗ’ ಅಂತ ಶುರುವಾಗುವ ವಾಕ್ಯಕ್ಕೆ ಸಾಮಾನ್ಯವಾಗಿ ಅದೇ: ಕಾಂ ವೂ ವ್ಯಾಂದ್ರೇ. ಇವತ್ತೇ ಕಲಿಯಬೇಕು ಅಂತಿಲ್ಲ, ಓದುವಾಗ ಗುರುತು ಸಿಕ್ಕಿದರೆ ಸಾಕು.

ಹಾಗೇ, ‘ವಿಜ಼ಿತೇ’ ಜಾಗಗಳಿಗೆ. ಯಾಣ, ಬನವಾಸಿ, ಸಹಸ್ರಲಿಂಗ ಎಲ್ಲದಕ್ಕೂ ಹೇಳಿ. ಅಜ್ಜಿಯನ್ನು ನೋಡಿ ಬರ್ತೇನೆ ಅನ್ನಲು ‘ರಾಂದ್ರ ವಿಜ಼ೀತ್’ ಅನ್ನಬೇಕು.

ಗೋಕರ್ಣದ_ಅಂಗಳ:
ಅಕ್ಕಾ, ಅಣ್ಣಾ, ತುಂಬಾ ಉಪಕಾರ ಆಯ್ತು. ‘ನೋಡುವುದಿಲ್ಲ’ ಅನ್ನಬೇಕಾದರೆ ‘ಪಾ’ ಎಲ್ಲಿ ಬರುತ್ತದೆ? ಜೋರು ಮಳೆ ಇದ್ದರೆ ಪ್ಲ್ಯಾನ್ ಬದಲಿಸಬೇಕಾಗುತ್ತದೆ, ಅದಕ್ಕೆ ಕೇಳಿದೆ. ಕೋಟೆ ಅಂತ ಮತ್ತೆ ಮತ್ತೆ ಹೇಳದೆ ‘ಅದನ್ನು’ ಅನ್ನುವುದು ಹೇಗೆ?

ಕಾಳಿ_ದಂಡೆ:
‘ಇಲ್ಲ’ ಅನ್ನುವುದು ಆಲೇಯನ್ನು ಎರಡೂ ಕಡೆಯಿಂದ ಸುತ್ತುತ್ತದೆ, ಮೊದಲು ‘ನ’, ನಂತರ ‘ಪಾ’: ನೂ ನಾಲೋಂ ಪಾ ವಿಜ಼ಿತೇ ಲ ಫೋರ್. ವಿಜ಼ಿತೇಯ ನಂತರ ಪಾ ಹಾಕಬೇಡ.

‘ಅದನ್ನು’ ಮಾತ್ರ ಉಲ್ಟಾ, ಆಲೇ ಬಿಟ್ಟು ಎರಡನೆಯ ಕ್ರಿಯಾಪದಕ್ಕಿಂತ ಮೊದಲು ‘ಲ’ ಬರುತ್ತದೆ: ನೂಜ಼ಾಲೋಂ ಲ ವಿಜ಼ಿತೇ. ಎರಡೂ ಸೇರಿದರೆ: ನೂ ನಾಲೋಂ ಪಾ ಲ ವಿಜ಼ಿತೇ.

ನಿದ್ದೆಯಿಂದ ‘ಏಳು’ ಅನ್ನುವಾಗ ಜೊತೆಗೆ ಬರುವ ‘ಮ’ (ನನ್ನನ್ನು) ಅನ್ನುವುದಕ್ಕೂ ಜಾಗ ಇದೇ. ಆರಕ್ಕೆ ಏಳ್ತೇನೆ: ಜ ವೇ ಮ ಲ್ವೇ ಆ ಸೀಜ಼ರ್. ನಾವು ಏಳ್ತೇವೆ ಅಂದರೆ ‘ಮ’ ಹೋಗಿ ‘ನೂ’ ಬರುತ್ತದೆ: ನೂಜ಼ಾಲೋಂ ನೂ ಲ್ವೇ. ಮಿರ್ಜಾನಕ್ಕೆ ಬಿಸಿಲೇರುವ ಮೊದಲು ಕರೆದುಕೊಂಡು ಹೋಗುವವಳಲ್ವಾ ನೀನು, ಹಿಂದಿನ ರಾತ್ರಿ ಊಟದ ಹೊತ್ತಿಗೆ ಈ ವಾಕ್ಯ ಬೇಕೇ ಬೇಕಾಗುತ್ತದೆ.