104ಕ್ಕೆ ಕಾಯಿಸಿದರು, 100.6ಕ್ಕೆ ಒಳಗೆ ಕರೆದರು

(ನಮ್ಮ ಮನೆಯವರ ಗುಂಪಿನಲ್ಲಿ ಭಾನುವಾರ ನಡೆದ ಮಾತು. ಗುಡ್ ಮಾರ್ನಿಂಗ್ ಹೂವು, ಗೃಹಪ್ರವೇಶದ ಫೋಟೊ ಎಲ್ಲ ತೆಗೆದಿದ್ದೇನೆ. ದೀಪಾ ಇಂಗ್ಲೆಂಡಿನಲ್ಲಿ ಮಕ್ಕಳ ಎಮರ್ಜೆನ್ಸಿ ಡಾಕ್ಟರು, ಪದ್ಮತ್ತೆ ತಾಲ್ಲೂಕು ಆಸ್ಪತ್ರೆ ನರ್ಸು, ನಂದು ಮೆಡಿಕಲ್ ಶಾಪು. ಚಿನ್ನು ವಿನಯಣ್ಣ, ಶೋಭಾ ಅತ್ತಿಗೆಯ ಮಗ. ಎಲ್ಲರನ್ನೂ ಕೇಳಿಯೇ ಹಾಕುತ್ತಿದ್ದೇನೆ. ವಿನಯಣ್ಣ ಒಪ್ಪೋದು ಸ್ವಲ್ಪ ತಡವಾಯ್ತು. – ಕಿರಣ)

ನಾಗರಾಜ ಮಾವ: (ಫಾರ್ವರ್ಡ್ ಮಾಡಿದ ಸಂದೇಶ) ಒಬ್ಬ ತಂದೆಯ ಕಣ್ಣೀರು!! ನನ್ನ 3 ವರ್ಷದ ಮಗನಿಗೆ 104 ಡಿಗ್ರಿ ಜ್ವರ. ಎಮರ್ಜೆನ್ಸಿಯಲ್ಲಿ ಗಂಟೆಗಟ್ಟಲೆ ಕೂರಿಸಿದರು. ನಮ್ಮ ನಂತರ ಬಂದ ಕೂಸಿಗೆ ಬರೀ 100.6. ಅದನ್ನು ತಕ್ಷಣ ಒಳಗೆ ಕರೆದರು!! ದುಡ್ಡಿದ್ದವರಿಗೊಂದು ನ್ಯಾಯ, ಇಲ್ಲದವರಿಗೊಂದು ನ್ಯಾಯ. 104 ದಾಟಿದರೆ ಮೆದುಳಿಗೆ ಏಟು ಎಂದು ಡಾಕ್ಟರಿಗೆ ಗೊತ್ತಿಲ್ಲವೇ? ಎಲ್ಲ ಗುಂಪಿಗೂ ಕಳಿಸಿ!!

ವಿನಯಣ್ಣ: ದೊಡ್ಡಪ್ಪ, ಇದು ಸುಳ್ಳಲ್ಲ. ಮಳೆಗಾಲದಲ್ಲಿ ಚಿನ್ನುಗೂ ಹಿಂಗೇ ಆಯ್ತು. ಅವನಿಗೂ 104. 'ಕೂತಿರಿ ಸರ್, ಕರೀತೀವಿ' ಅಂದಿದ್ದೇ ಅಂದಿದ್ದು. ಆಮೇಲೆ ಯಾರೋ ಒಂದು ಪುಟ್ಟ ಕೂಸು ತಗೊಂಡು ಬಂದ್ರು. ಅದು ಅಳ್ತಾನೂ ಇರ್ಲಿಲ್ಲ, ಸೀದಾ ಒಳಗೆ.

ದೀಪಾ: ಅಣ್ಣ, ಆ ಕೂಸು ಎಷ್ಟು ತಿಂಗಳದ್ದು?

ವಿನಯಣ್ಣ: ನಂಗೇನು ಗೊತ್ತು? ತಾಯಿ ತಲೆಗೆ ಬಾಣಂತಿ ಬಟ್ಟೆ ಕಟ್ಕೊಂಡಿದ್ಲು. ಒಂದು ತಿಂಗಳು ಇರಬಹುದು.

ದೀಪಾ: ಹಾಗಾದ್ರೆ ಅವರು ಮಾಡಿದ್ದೇ ಸರಿ. ನಾನಿದ್ರೂ ಚಿನ್ನುನ ಕೂರಿಸಿ ಅದನ್ನೇ ಕರೀತಿದ್ದೆ. ಅಳ್ತಿರಲಿಲ್ಲ ಅಂದ್ರಲ್ಲ, ಅದು ಇನ್ನೂ ಹೆಚ್ಚು ಭಯ.

ವಿನಯಣ್ಣ: ಬಂತಪ್ಪ ಇಂಗ್ಲೆಂಡ್ ನ್ಯಾಯ. ನಿಂಗೇನು, ಅಲ್ಲಿ ಕಾಯಿಸದೇನೇ ನೋಡ್ತಾರೆ.

ದೀಪಾ: ಯಾರು ಹೇಳಿದ್ದು ನಿಂಗೆ? ಬಂದವರನ್ನ ನಾಲ್ಕು ತಾಸಿನೊಳಗೆ ನೋಡಿ ಮುಗಿಸಬೇಕು ಅನ್ನೋ ಗುರಿ ಇದೆ, ಎಷ್ಟೋ ಸಲ ತಪ್ಪುತ್ತೆ. ಅಪ್ಪಂದಿರು ಇಲ್ಲೂ ಕೂಗಾಡ್ತಾರೆ, ಭಾಷೆ ಮಾತ್ರ ಬೇರೆ.

ನಾಗರಾಜ ಮಾವ: ದೀಪಾ ಪುಟ್ಟಿ, 104 ದೊಡ್ಡದೋ 100.6 ದೊಡ್ಡದೋ? ನಾನು ಓದಿದ ಲೆಕ್ಕದಲ್ಲಿ 104.

ದೀಪಾ: ದೊಡ್ಡಪ್ಪ, ಮೂರು ತಿಂಗಳೊಳಗಿನ ಕೂಸಿಗೆ 100.4 ಬಂದ್ರೇನೇ ಸಾಕು. ಸೆಲ್ಸಿಯಸ್‌ನಲ್ಲಿ 38. ಇಲ್ಲಿ ನೈಸ್ ಅಂತ ಚಿಕಿತ್ಸೆಗೆ ಮಾರ್ಗಸೂಚಿ ಬರೆಯೋ ಒಂದು ಸಂಸ್ಥೆ ಇದೆ, ಐದು ವರ್ಷದೊಳಗಿನ ಮಕ್ಕಳ ಜ್ವರಕ್ಕೆ 2007ರಲ್ಲೇ ಹಸಿರು-ಹಳದಿ-ಕೆಂಪು ಅಂತ ಪಟ್ಟಿ ಮಾಡಿದೆ. ಹಸಿರು ಅಂದ್ರೆ ಅಪಾಯ ಕಮ್ಮಿ, ಹಳದಿ ಮಧ್ಯ, ಕೆಂಪು ಜಾಸ್ತಿ. ಅದರಲ್ಲಿ ಆ ವಯಸ್ಸಿಗೆ 38 ಅಂದ್ರೆ ಸೀದಾ ಕೆಂಪು. ಮೂರರಿಂದ ಆರು ತಿಂಗಳಿಗೆ 39 ಆದ್ರೆ ಹಳದಿ. ಆರು ತಿಂಗಳು ದಾಟಿದ ಮೇಲೆ ಥರ್ಮಾಮೀಟರ್ ನಂಬರ್ ಒಂದನ್ನೇ ಹಿಡ್ಕೊಂಡು ಕಾಯಿಲೆ ದೊಡ್ಡದು ಅಂತ ಹೇಳಬೇಡಿ ಅಂತಾನೇ ಬರೆದಿದ್ದಾರೆ.

ದೀಪಾ: ಯಾಕೆ ಅಂದ್ರೆ ಎಳೆಗೂಸಿಗೆ ಸೋಂಕಿನ ಜೊತೆ ಹೋರಾಡೋ ಶಕ್ತಿ ಇನ್ನೂ ಬಂದಿರಲ್ಲ. ರಕ್ತಕ್ಕೋ ಮೆದುಳಿನ ಪೊರೆಗೋ ಸೋಂಕು ಹೋಗಿದ್ರೂ ಹೊರಗೆ ಕಾಣೋದು ಇಷ್ಟೇ: ಹಾಲು ಸರಿ ಕುಡೀತಿಲ್ಲ, ಮಂಕಾಗಿದೆ, ಸ್ವಲ್ಪ ಬೆಚ್ಚಗಿದೆ. ಒಮ್ಮೊಮ್ಮೆ ಮೈ ತಣ್ಣಗೂ ಇರುತ್ತೆ. ಅದಕ್ಕೇ ರಕ್ತ, ಮೂತ್ರ, ತಿಂಗಳೊಳಗಿನ ಕೂಸಾದ್ರೆ ಬೆನ್ನಿನ ನೀರೂ ತೆಗೆದು ನೋಡ್ತೀವಿ.

ಅಮ್ಮ: ಬೆನ್ನಿಗೆ ಸೂಜಿ ಹಾಕ್ತಾರಾ ಒಂದು ತಿಂಗಳ ಕೂಸಿಗೆ! ಕೈಕಾಲು ಹೋಗಲ್ವೇನೇ?

ದೀಪಾ: ಇಲ್ಲ ಅತ್ತೆ. ಬೆನ್ನುಹುರಿ ಮುಗಿಯೋ ಜಾಗಕ್ಕಿಂತ ಕೆಳಗೆ ಹಾಕೋದು. ಹೆದರಿ ಬೇಡ ಅಂದವರನ್ನ ಒಪ್ಪಿಸೋದೇ ನಮಗೆ ಅರ್ಧ ಕೆಲಸ.

ನಾಗರಾಜ ಮಾವ: ಸರಿ, ಕೂಸಿನ ಮಾತು ಒಪ್ಪಿದೆ. ಆದ್ರೆ 104ಕ್ಕೆ ಮೆದುಳು?

ದೀಪಾ: ಸೋಂಕಿನ ಜ್ವರಕ್ಕೆ ಮೆದುಳು ಹಾಳಾಗಲ್ಲ ದೊಡ್ಡಪ್ಪ. ಜ್ವರ ಏರಿಸೋದು ಮೆದುಳೇ, ಮಿತಿ ಹಾಕೋದೂ ಅದೇ. ಬಿಸಿಲಲ್ಲಿ ನಿಲ್ಲಿಸಿದ ಕಾರಲ್ಲಿ ಮಗು ಬಿಟ್ಟಾಗ ಆಗೋದು ಬೇರೆ, ಅದಕ್ಕೆ ಮಿತಿ ಇಲ್ಲ. ಎರಡನ್ನೂ ಕಲಸಬೇಡಿ.

ಅಮ್ಮ: ಹಂಗಾದ್ರೆ ಕಿರಣನಿಗೆ ಎರಡು ವರ್ಷದಲ್ಲಿ ಜ್ವರ ಏರಿ ಫಿಟ್ಸ್ ಬಂತಲ್ಲ? ನಿನ್ನ ಅಜ್ಜಿ ಕೈಗೆ ಕಬ್ಬಿಣದ ಕೀಲಿಕೈ ಕೊಟ್ಟ ಮೇಲೇ ನಿಂತಿದ್ದು.

ದೀಪಾ: ಅತ್ತೆ, ಆ ಫಿಟ್ಸ್ ಹೆಚ್ಚಾಗಿ ಐದು ನಿಮಿಷದೊಳಗೆ ತಾನೇ ನಿಲ್ಲುತ್ತೆ, ಕೀಲಿಕೈ ಇದ್ರೂ ಇಲ್ದಿದ್ರೂ. ಆರು ತಿಂಗಳಿಂದ ಐದು ವರ್ಷದವರೆಗೆ ಬರೋದು ಸಾಮಾನ್ಯ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ನೀರೂ ಬೇಡ ಚಮಚವೂ ಬೇಡ, ಗಡಿಯಾರ ನೋಡಿ. ಐದು ನಿಮಿಷ ದಾಟಿದ್ರೆ 108. ನಿಂತ ಮೇಲೂ ಮೊದಲ ಸಲ ಬಂದಿದ್ರೆ ಡಾಕ್ಟರಿಗೆ ತೋರಿಸ್ಲೇಬೇಕು.

ನಾನು: ಕೀಲಿಕೈ ಇನ್ನೂ ಇದೆ, ಅಂಗಡಿ ಹಳೇ ಬೀಗದ್ದು.

ವಿನಯಣ್ಣ: ಜೋಕು ಆಮೇಲೆ ಮಾಡೋ. ನಂಬರ್ ನೋಡಬೇಡಿ ಅಂದ್ರೆ ಏನು ನೋಡ್ಬೇಕು? ನಾನು ಡಾಕ್ಟರಲ್ಲ, ನನ್ನ ಹತ್ರ ಇರೋದು ಥರ್ಮಾಮೀಟರ್ ಒಂದೇ.

ಪದ್ಮತ್ತೆ: ಈಗ ಡ್ಯೂಟಿ ಮುಗೀತು, ಮೇಲಿಂದ ಓದ್ಕೊಂಡು ಬಂದೆ. ವಿನಯ, ನಾವು ಟ್ರೇನಿಂಗ್‌ನಲ್ಲಿ ಕಲಿತಿದ್ದು ನಾಲ್ಕು ಪ್ರಶ್ನೆ. ಕುಡೀತಿದೆಯಾ? ಕುಡಿದಿದ್ದೆಲ್ಲ ವಾಂತಿ ಆಗ್ತಿದೆಯಾ? ಫಿಟ್ಸ್ ಬಂತಾ? ಎಬ್ಬಿಸಿದ್ರೆ ಎದ್ದು ನಿನ್ನ ಮುಖ ನೋಡ್ತಿದೆಯಾ? ಒಂದಕ್ಕೆ ತಪ್ಪು ಉತ್ತರ ಬಂದ್ರೂ ದೊಡ್ಡಾಸ್ಪತ್ರೆ. ಆಮೇಲೆ ಅಂಗಿ ಮೇಲೆತ್ತಿ ಉಸಿರು ಎಣಿಸೋದು. ಮಗು ಸುಮ್ಮನಿದ್ದಾಗ, ಪೂರಾ ಒಂದು ನಿಮಿಷ. ಎರಡು ತಿಂಗಳೊಳಗೆ 60, ವರ್ಷದೊಳಗೆ 50, ಆಮೇಲೆ ಐದು ವರ್ಷದವರೆಗೆ 40. ಅದು ಮುಟ್ಟಿದ್ರೆ ಜೋರು ಉಸಿರು. ಪಕ್ಕೆ ಒಳಗೆ ಎಳ್ಕೊಳ್ತಿದ್ರೆ ಎಣಿಸ್ತಾ ಕೂರಬೇಡ.

ಪದ್ಮತ್ತೆ: ಇದಕ್ಕೆ ಮಿಷನ್ ಬೇಡ. ನಮ್ಮಲ್ಲಿ ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸೋರು ಇದ್ದಾರೆ. ಮಕ್ಕಳ ಉಸಿರು ಒಂದೇ ಸಮ ಇರಲ್ಲ, ಲೆಕ್ಕ ತಪ್ಪುತ್ತೆ.

ದೀಪಾ: ಚಿಕ್ಕಮ್ಮ ಹೇಳಿದ್ದೇ. ನಾನೂ ಬಾಗಿಲಲ್ಲಿ ನಿಂತು ಮೊದಲು ನೋಡೋದು ಅದನ್ನೇ: ಮುಖ, ಉಸಿರು, ಮೈಬಣ್ಣ. ಮುಟ್ಟೋದು ಆಮೇಲೆ.

ನಾಗರಾಜ ಮಾವ: ಮೈಬಣ್ಣ ಅಂದ್ರೆ? ಬಿಳಿ ಮಕ್ಕಳಿಗೆ ಮಾಡಿದ ಪಟ್ಟಿ ನಮಗೆ ಹೇಗಮ್ಮಾ ಹೊಂದುತ್ತೆ?

ದೀಪಾ: ಇದು ಸರಿಯಾದ ಪ್ರಶ್ನೆ ದೊಡ್ಡಪ್ಪ. ನಮ್ಮ ಬಣ್ಣದ ಮಕ್ಕಳಲ್ಲಿ ಬಿಳಿಚಿದ್ದು ಬೇಗ ಗೊತ್ತಾಗಲ್ಲ. ತುಟಿ, ನಾಲಿಗೆ, ಅಂಗೈ, ಅಂಗಾಲು ನೋಡಬೇಕು. ಒತ್ತಿದ್ರೂ ಮಾಸದ ಚುಕ್ಕೆ ಇದ್ದಾಗ್ಲೂ ಅಷ್ಟೇ. ಗಾಜಿನ ಲೋಟ ಒತ್ತಿ ನೋಡೋದು, ಹೋಗ್ಲಿಲ್ಲ ಅಂದ್ರೆ ಓಡೋದು.

ವಿನಯಣ್ಣ: ಚಿನ್ನುಗೆ ಪ್ಯಾರಾಸಿಟಮಾಲ್ ಹಾಕಿದ ಮೇಲೆ 101ಕ್ಕೆ ಇಳೀತು. ಅಷ್ಟಕ್ಕೇ ರಿಸೆಪ್ಷನ್‌ನವಳು 'ಇಳೀತಲ್ಲ ಸರ್, ಇನ್ನೇನು' ಅಂದ್ಲು.

ದೀಪಾ: ಅದು ತಪ್ಪು. ಔಷಧಿಗೆ ಜ್ವರ ಇಳೀತು ಅಂತ ಕಾಯಿಲೆ ಸಣ್ಣದು ಆಗಲ್ಲ, ಇಳೀಲಿಲ್ಲ ಅಂತ ದೊಡ್ಡದೂ ಆಗಲ್ಲ. ಇಳಿದಾಗ ಮಗು ಹೇಗಿದೆ ಅನ್ನೋದು ಮುಖ್ಯ. ಬಿಸ್ಕೆಟ್ ಕೇಳ್ತಾ? ಇಲ್ಲ ಹೆಗಲ ಮೇಲೆ ಜೋತು ಬಿದ್ದೇ ಇತ್ತಾ?

ಪದ್ಮತ್ತೆ: ನಮ್ಮೂರಲ್ಲಿ ಇನ್ನೊಂದಿದೆ, ಇಂಗ್ಲೆಂಡ್ ಪಟ್ಟಿ ಅದಕ್ಕೆ ಸಾಲಲ್ಲ. ಡೆಂಗಿ. 2024ರಲ್ಲಿ ಸರ್ಕಾರ ಅದನ್ನ ಸಾಂಕ್ರಾಮಿಕ ರೋಗ ಅಂತ ಘೋಷಣೆ ಮಾಡ್ತಲ್ಲ, ಆ ಸೀಸನ್ ನೆನೆಸಿಕೊಂಡ್ರೆ ಈಗಲೂ ಸುಸ್ತು. ಅದರಲ್ಲಿ ಜ್ವರ ಇಳಿಯೋ ಹೊತ್ತೇ ಅಪಾಯ, ಮೂರರಿಂದ ಏಳನೇ ದಿನದೊಳಗೆ. 'ಸಿಸ್ಟರ್, ಜ್ವರ ಬಿಡ್ತು, ಮನೆಗೆ ಹೋಗ್ತೀವಿ' ಅಂತಾರೆ. ಆಗ್ಲೇ ರಕ್ತನಾಳದಿಂದ ನೀರಿನಂಶ ಸೋರಿ ಬಿಪಿ ಬೀಳೋದು. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಲ್ಲಿ ರಕ್ತ, ಕೈಕಾಲು ತಣ್ಣಗೆ ಇವನ್ನ ನೋಡಬೇಕು. ಜನ ಪ್ಲೇಟ್‌ಲೆಟ್ ನಂಬರ್ ಹಿಡ್ಕೊಂಡು ಪರಂಗಿ ಎಲೆ ಹುಡುಕ್ತಿರ್ತಾರೆ.

ನಾಗರಾಜ ಮಾವ: ಪರಂಗಿ ಎಲೆ ನಾನೇ ಕಳಿಸಿದ್ದು ಹೋದ ವರ್ಷ 🙏

ನಾನು: ಮಾವ, ಅದಿರ್ಲಿ. ನನ್ನ ಕೌಂಟರ್ ಕಥೆ ಕೇಳಿ. ಪ್ಯಾರಾಸಿಟಮಾಲ್ ಡ್ರಾಪ್ಸ್‌ನಲ್ಲಿ ಒಂದು ಎಂಎಲ್‌ಗೆ 100 ಮಿಲಿಗ್ರಾಂ. ಸಿರಪ್‌ನಲ್ಲಿ ಐದು ಎಂಎಲ್‌ಗೆ 125, ಇನ್ನೊಂದರಲ್ಲಿ 250. ಮಗು ತೂಕದ ಕೆಜಿಗೆ 15 ಮಿಲಿಗ್ರಾಂ ಲೆಕ್ಕ ಹಾಕಿದ್ರೆ ಹತ್ತು ಕೆಜಿ ಮಗುಗೆ 150. ಡ್ರಾಪ್ಸ್ ಬಾಟಲಿಯಿಂದ ಸಿರಪ್ ಅಳತೆಗೆ ಐದು ಎಂಎಲ್ ಹಾಕಿದ್ರೆ 500, ಮೂರು ಪಟ್ಟು ಮೇಲೆ! ಹಳೇ ಚೀಟಿ ತಂದು 'ಅದೇ ಕೊಡಿ' ಅಂತಾರೆ, ಮಗು ಬೆಳೆದಿರೋದು ಚೀಟಿಗೆ ಗೊತ್ತಾ? ನಿಮೆಸುಲೈಡ್ ಅನ್ನೋ ಜ್ವರದ ಔಷಧಿ 12 ವರ್ಷದೊಳಗಿನ ಮಕ್ಕಳಿಗೆ 2011ರಲ್ಲೇ ಬ್ಯಾನ್ ಆಗಿದೆ, ಈಗಲೂ ಕೇಳ್ಕೊಂಡು ಬರೋರಿದ್ದಾರೆ. ಡೆಂಗಿ ಸಂಶಯ ಇದ್ರೆ ಐಬುಪ್ರೊಫೆನ್ ಕೂಡ ಬೇಡ.

ಅಮ್ಮ: ತಣ್ಣೀರು ಬಟ್ಟೆ ಹಾಕಬಹುದು ತಾನೇ? ಅದನ್ನೂ ಬೇಡ ಅನ್ಬೇಡಿ.

ದೀಪಾ: ಬೇಡ ಅತ್ತೆ. ಮಗು ನಡುಗುತ್ತೆ, ಒಳಗಿನ ಕಾವು ಇಳಿಯಲ್ಲ. ಸ್ವೆಟರ್, ಟೋಪಿ, ಎರಡು ಕಂಬಳಿ ತೆಗೆದ್ರೆ ಸಾಕು.

ವಿನಯಣ್ಣ: ಎಲ್ಲ ಒಪ್ಪಿದೆ. ಕೂಸು ಮೊದಲು ಹೋಗಲಿ. ಆದ್ರೆ ಒಂದು ಮಾತು. ನಮ್ಮನ್ನ ಕೂರಿಸಿದವರು ಯಾಕೆ ಅಂತ ಹೇಳ್ಲಿಲ್ಲ. ಮತ್ತೆ ಬಂದು ಮಗುವನ್ನ ನೋಡ್ಲೂ ಇಲ್ಲ. ಒಂದ್ಸಲ ಜ್ವರ ನೋಡಿ ಚೀಟಿ ಕೊಟ್ರು, ಮುಗೀತು. ಅಷ್ಟರಲ್ಲಿ ಹಳದಿ ಹೋಗಿ ಕೆಂಪಾಗಿದ್ರೆ?

ದೀಪಾ: ಅಣ್ಣ, ಇದನ್ನ ಮೊದಲೇ ಹೇಳಿದ್ರೆ ನಾನು ಜಗಳಾನೇ ಆಡ್ತಿರ್ಲಿಲ್ಲ. ಕೆಂಪು ಮಗುವನ್ನ ಹೊಸಬರೂ ಗುರುತಿಸ್ತಾರೆ. ಹಸಿರು ಮಗು ಕಾರಿಡಾರ್ ತುಂಬ ಓಡಾಡ್ತಿರುತ್ತೆ. ಕಷ್ಟ ಹಳದಿದು. ಅದನ್ನ ಕೂರಿಸಿದ್ರೆ ಮತ್ತೆ ಮತ್ತೆ ಬಂದು ನೋಡ್ಲೇಬೇಕು. ತಾಯಿ 'ಇವನು ಯಾವತ್ತಿನ ಹಾಗಿಲ್ಲ' ಅಂದ್ರೆ ಅದೂ ಲಕ್ಷಣವೇ, ಬರ್ಕೊಳ್ಳಬೇಕು. 2021ರಲ್ಲಿ ಲಂಡನ್ನಿನಲ್ಲಿ ಮಾರ್ಥಾ ಮಿಲ್ಸ್ ಅನ್ನೋ 13 ವರ್ಷದ ಹುಡುಗಿ ಸೆಪ್ಸಿಸ್‌ನಿಂದ (ಸೋಂಕು ವಿಪರೀತಕ್ಕೆ ಹೋಗಿ ಅಂಗಾಂಗ ಕೆಡೋದು) ತೀರ್ಕೊಂಡ್ಲು. ಅಪ್ಪ ಅಮ್ಮ ಆತಂಕ ಹೇಳ್ತಾನೇ ಇದ್ರು, ಕೇಳೋರಿರ್ಲಿಲ್ಲ. ಅವಳ ಹೆಸರಲ್ಲೇ 2024ರಿಂದ ಇಲ್ಲಿನ ಆಸ್ಪತ್ರೆಗಳಿಗೆ ಒಂದು ನಿಯಮ ಬಂದಿದೆ. ಮನೆಯವರು ಕೇಳಿದ್ರೆ ಬೇರೆ ತಂಡ ಬಂದು ತಕ್ಷಣ ನೋಡಬೇಕು.

ವಿನಯಣ್ಣ: ಅಂಥ ನಿಯಮ ಇಲ್ಲಿ ತಂದ್ರೆ ಎಮರ್ಜೆನ್ಸಿ ತುಂಬ ನಾವೇ ಇರ್ತೀವಿ.

ಪದ್ಮತ್ತೆ: ಈಗ್ಲೂ ನೀವೇ ಇದ್ದೀರಿ. ರಾತ್ರಿ ಪಾಳಿಗೆ ಇಬ್ಬರು ಸಿಸ್ಟರ್ಸ್, ಬೆಂಚಲ್ಲಿ ಇಪ್ಪತ್ತು ಮಕ್ಕಳು. ಮತ್ತೆ ಮತ್ತೆ ನೋಡಿ ಅನ್ನೋದು ಬರೆಯೋಕೆ ಸುಲಭ ದೀಪಾ.

ದೀಪಾ: ಒಪ್ಪಿದೆ ಚಿಕ್ಕಮ್ಮ.

ಶೋಭಾ ಅತ್ತಿಗೆ: ನಾನೊಂದು ಹೇಳ್ಲಾ? ಆವತ್ತು ನನಗೆ 104 ಚಿಂತೆ ಇರ್ಲಿಲ್ಲ. ಚಿನ್ನು ಬೆಳಿಗ್ಗೆಯಿಂದ ಉಚ್ಚೆ ಹೊಯ್ದಿರ್ಲಿಲ್ಲ. ಡೈಪರ್ ಒಣಗಿತ್ತು, ಬಾಯೂ ಒಣಗಿತ್ತು. ಚೀಟಿ ಬರೆಯೋ ಸಿಸ್ಟರ್‌ಗೆ ಹೇಳಿದೆ. ಅವರು 'ಟೆಂಪರೇಚರ್ ಎಷ್ಟು' ಅಂದ್ರು, ಅದೊಂದೇ ಬರ್ಕೊಂಡ್ರು.

ದೀಪಾ: ಅತ್ತಿಗೆ, ಅದೇ ಹಳದಿ! ಮೂತ್ರ ಕಮ್ಮಿ ಆಗಿರೋದು ಪಟ್ಟಿಯಲ್ಲೇ ಇದೆ. ಆಸ್ಪತ್ರೆಗೆ ದೂರು ಬರೆಯೋದಾದ್ರೆ 104 ಬಿಡಿ, ಇದನ್ನ ಬರೀರಿ.

ವಿನಯಣ್ಣ: ಶೋಭಾ, ಇದನ್ನ ನಂಗೆ ನೀನು ಹೇಳೇ ಇಲ್ಲ.

ಶೋಭಾ ಅತ್ತಿಗೆ: ಹೇಳೋಕೆ ಬಂದೆ ರೀ. ನೀವು ಆ ಬಾಣಂತಿ ಗಂಡನ ಜೊತೆ ಜಗಳಕ್ಕೆ ನಿಂತಿದ್ರಿ.